ಹಿಮನಾಡಿನ ಡಾಂಬರು ರಸ್ತೆ

ಬೇಸಿಗೆಯ ನಡುಹಗಲಿನಲ್ಲಿ ಬಯಲುಸೀಮೆಯ ಡಾಂಬರು ರಸ್ತೆ ಮೆತ್ತಗಾಗಿ ಪಾದರಕ್ಷೆಗೆ ಅಂಟಿಕೊಳ್ಳುವುದನ್ನು ನೀವು ಕಂಡಿರಬಹುದು. ಅದೇ ಡಾಂಬರನ್ನು ಲಡಾಖಿನ ಪರ್ವತಗಳ ಮೇಲೆ ಹಾಸಿದರೆ ಚಳಿಗಾಲದಲ್ಲಿ ಅದು ಪೆಡಸಾಗಿ ಬಿರುಕು ಬಿಡುತ್ತದೆ. ಒಂದೇ ವಸ್ತುವಿನ ಈ ಎರಡು ಸ್ವಭಾವಗಳನ್ನು ಬಲ್ಲವರು ಮಾತ್ರ ಹಿಮನಾಡಿನಲ್ಲಿ ಬಾಳುವ ರಸ್ತೆಯನ್ನು ನಿರ್ಮಿಸಬಲ್ಲರು.

ಲೇಹ್ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ರಾತ್ರಿಗಳಲ್ಲಿ ಅಲ್ಲಿಯ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯುವುದುಂಟು. ಸುತ್ತಲಿನ ಹಳ್ಳಿಗಳಿಗೆ ಧಾನ್ಯ, ಔಷಧ, ಸೀಮೆಎಣ್ಣೆಗಳು ತಲುಪುವುದೂ, ರೋಗಿಗಳು ಆಸ್ಪತ್ರೆಯನ್ನು ಸೇರುವುದೂ ಹೆಚ್ಚಾಗಿ ರಸ್ತೆಯ ಮೂಲಕವೇ. ಆದುದರಿಂದ ರಸ್ತೆ ಹಾಳಾಯಿತೆಂದರೆ ಅಲ್ಲಿ ಬದುಕೇ ಸ್ಥಗಿತಗೊಳ್ಳುತ್ತದೆ.

ಜಲ್ಲಿ, ಮರಳು, ಕಲ್ಲುಪುಡಿಗಳನ್ನು ಬಿಟುಮೆನ್ ಎಂಬ ಕಪ್ಪು ಜಿಗುಟು ಪದಾರ್ಥದಿಂದ ಬಂಧಿಸಿದ ಪದರವೇ ಡಾಂಬರು ರಸ್ತೆಯ ಮೇಲ್ಮೈ. ಬಿಟುಮೆನ್ ಕಚ್ಚಾ ತೈಲದ ಶುದ್ಧೀಕರಣದಲ್ಲಿ ಕೊನೆಗೆ ಉಳಿಯುವ ವಸ್ತು. ಚಳಿಯಲ್ಲಿ ಅದು ಕುಗ್ಗಲು ಯತ್ನಿಸುತ್ತದೆ. ಕೆಳಗಿನ ತಳಪಾಯ ಅದನ್ನು ಹಿಡಿದಿರುವುದರಿಂದ ಕುಗ್ಗಲಾರದೆ ಸೀಳುತ್ತದೆ. ಭಾರತದಲ್ಲಿ ಬಿಟುಮೆನ್ನನ್ನು ಸ್ನಿಗ್ಧತೆಗೆ ಅನುಗುಣವಾಗಿ ವರ್ಗೀಕರಿಸುತ್ತಾರೆ. ಬಿಸಿಲು ಮತ್ತು ಭಾರವಾಹನಗಳು ಹೆಚ್ಚಾಗಿರುವಲ್ಲಿ ವಿ.ಜಿ. 40 ಎಂಬ ಗಡುಸಾದ ದರ್ಜೆಯನ್ನೂ, ಶೀತಪ್ರದೇಶಗಳಲ್ಲಿ ವಿ.ಜಿ. 10 ಎಂಬ ಮೃದುವಾದ ದರ್ಜೆಯನ್ನೂ ಬಳಸುತ್ತಾರೆ. ಕೆಲವೆಡೆ ಪಾಲಿಮರ್ ಬೆರೆಸಿ ಅದರ ಹಿಗ್ಗುವ ಗುಣವನ್ನು ಹೆಚ್ಚಿಸುವರು.

ಆದರೆ ಬಿಟುಮೆನ್ನಿನ ಆಯ್ಕೆಯೊಂದೇ ಸಾಲದು. ರಸ್ತೆಯ ಪರಮ ವೈರಿ ನೀರು. ಹೆಪ್ಪುಗಟ್ಟುವಾಗ ನೀರಿನ ಗಾತ್ರ ಸುಮಾರು ನೂರಕ್ಕೆ 9ರಷ್ಟು ಹೆಚ್ಚುತ್ತದೆ. ಹಗಲು ಕರಗಿ ಬಿರುಕಿಗೆ ಇಳಿದ ನೀರು ರಾತ್ರಿ ಮಂಜುಗಡ್ಡೆಯಾಗಿ ಆ ಬಿರುಕನ್ನು ಅಗಲಿಸುತ್ತದೆ. ತಳದ ನುಣುಪು ಮಣ್ಣು ಕೆಳಗಿನಿಂದ ನೀರನ್ನು ಹೀರಿಕೊಂಡರೆ, ಅಲ್ಲಿ ಮಂಜುಗಡ್ಡೆಯ ಪದರಗಳು ಬೆಳೆದು ರಸ್ತೆಯನ್ನೇ ಮೇಲೆತ್ತುತ್ತವೆ. ವಸಂತದಲ್ಲಿ ಅವು ಕರಗಿದಾಗ ಮಣ್ಣು ಕೆಸರಾಗಿ, ವಾಹನದ ಭಾರಕ್ಕೆ ರಸ್ತೆ ಕುಸಿಯುತ್ತದೆ. ಇದನ್ನು ತಡೆಯಲು ತಳದಲ್ಲಿ ನೀರು ನಿಲ್ಲದಂತೆ ದಪ್ಪ ಜಲ್ಲಿಯನ್ನು ಹರಡಿ, ಪಕ್ಕದಲ್ಲಿ ಚರಂಡಿಗಳನ್ನು ತೋಡಬೇಕು.

ಡಾಂಬರು ಹಾಸುವ ಕೆಲಸವೂ ಸುಲಭವಲ್ಲ. ಸುಮಾರು 150 ಡಿಗ್ರಿಗೆ ಕಾಯಿಸಿದ ಮಿಶ್ರಣವು ಶೀತಗಾಳಿಗೆ ಬೇಗನೆ ಆರುತ್ತದೆ. ಅದು ಆರುವ ಮೊದಲೇ ರೋಲರ್ ಉರುಳಿಸದಿದ್ದರೆ ಒಳಗೆ ಸಂದುಗಳು ಉಳಿದು, ನೀರಿಗೆ ದಾರಿಯಾಗುತ್ತವೆ. ಆದ್ದರಿಂದ ಅಲ್ಪಕಾಲದ ಬೇಸಿಗೆಯಲ್ಲಿಯೇ ಕೆಲಸ ಮುಗಿಯಬೇಕು.

1960ರಲ್ಲಿ ಸ್ಥಾಪಿತವಾದ ಗಡಿ ರಸ್ತೆಗಳ ಸಂಸ್ಥೆಯು ಈ ಕಾರ್ಯದಲ್ಲಿ ನಿರತವಾಗಿದೆ. 2021ರಲ್ಲಿ ಅದು ಲಡಾಖಿನ ಉಮ್ಲಿಂಗ್ ಲಾ ಕಣಿವೆಹಾದಿಯಲ್ಲಿ 19,024 ಅಡಿ ಎತ್ತರದವರೆಗೆ ಡಾಂಬರು ರಸ್ತೆಯನ್ನು ಕೊಂಡೊಯ್ದಿತು. ಅಲ್ಲಿ ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಲಡಾಖಿನ ರಸ್ತೆಗಳಿಗಾಗಿ ದುಡಿಯುವವರಲ್ಲಿ ದೂರದ ಜಾರ್ಖಂಡದಿಂದ ಬಂದ ಕೂಲಿಕಾರರು ಅನೇಕರು. ಹಿಮದ ನಡುವಿನ ಆ ಕಪ್ಪು ಹಾದಿಯಲ್ಲಿ ವಿಜ್ಞಾನದೊಡನೆ ಅವರ ಬೆವರೂ ಬೆರೆತಿದೆ.