ಹೆಸರು ನಮ್ಮದು, ಹಾಜರಿ ಯಾರದು?

ಕೂಲಿ ದುಡ್ಡು, ಶಾಲೆ ದುಡ್ಡು: ಲೆಕ್ಕ ಕೇಳಬೇಕಾದವರೇ ಸಭೆಗೆ ಚಕ್ಕರ್

ದಾವಣಗೆರೆ: 2025ರ ಫೆಬ್ರವರಿಯ ಒಂದು ಸಂಜೆ. ಸುಗ್ಗಿ ಮುಗಿದು ಹೊಲದಲ್ಲಿ ಕೆಲಸವಿಲ್ಲದ ಕಾಲ. ಹಳ್ಳಿ ಕಡೆ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕಂಡಕ್ಟರ್ "ಒಳಗೆ ನಡೀರಿ, ಒಳಗೆ ನಡೀರಿ" ಅಂತ ಒದರುತ್ತಿದ್ದಾನೆ. ನಡುವಿನ ಸೀಟಿನಲ್ಲಿ ಕೂತ ಹೆಂಗಸೊಬ್ಬಳು ಪಕ್ಕದಾಕೆಗೆ ಹೇಳುತ್ತಾಳೆ:

"ಯಕ್ಕಾ, ನಾನು ಗುದ್ಲಿನೇ ಮುಟ್ಲಿಲ್ಲ. ಖಾತೆಗೆ ಹದಿನಾಲ್ಕು ದಿನದ ಕೂಲಿ ಬಂತು. ಮಾರನೆ ದಿನ ಬಂದು ಬ್ಯಾಂಕಿಗೆ ಕರ್ಕಂಡು ಹೋಗಿ ತಗಸಿಕೊಂಡ್ರು. ನನಗೆ ಮುನ್ನೂರು ಕೊಟ್ರು."

"ಪುಕ್ಸಟ್ಟೆ ಮುನ್ನೂರು ಬಂತಲ್ಲ, ಸುಮ್ಕಿರು ತಾಯಿ."

"ಸುಮ್ಕೆ ಇದ್ದೆ. ಈಗ ಕೆಲಸ ಕೊಡ್ರಿ ಅಂತ ಪಂಚಾಯ್ತಿಗೆ ಹೋದ್ರೆ, ನಿಮ್ಮನೆ ನೂರು ದಿನ ಮುಗದೈತಿ ಅಂತಾರೆ!"

ಬಸ್ಸು ಹೊರಟಿತು. ಮಾತು ಇಂಜಿನ್ ಸದ್ದಿನಲ್ಲಿ ಮುಳುಗಿತು. ಲೆಕ್ಕ ಮಾತ್ರ ಹಾಗೇ ಉಳಿಯಿತು. 2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ. ಹದಿನಾಲ್ಕು ದಿನಕ್ಕೆ 4,886 ರೂಪಾಯಿ. ಆಕೆಗೆ ಸಿಕ್ಕಿದ್ದು 300. ಉಳಿದ 4,586 ಯಾರ ಜೇಬಿಗೆ ಬಿತ್ತು ಎಂಬುದು ಒಂದು ಪ್ರಶ್ನೆ. ಅದಕ್ಕಿಂತ ದೊಡ್ಡ ಪ್ರಶ್ನೆ, ಆಕೆಯ ಮನೆಯ ಹದಿನಾಲ್ಕು ದಿನದ ಕೆಲಸ ಎಲ್ಲಿ ಹೋಯಿತು?

ನೂರು ದಿನ ಯಾರದು?

ಉದ್ಯೋಗ ಖಾತ್ರಿ ಕಾಯ್ದೆ ಬಂದದ್ದು 2005ರಲ್ಲಿ. 2006ರ ಫೆಬ್ರವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಕೆಲಸ ಶುರುವಾಯಿತು. ಕರ್ನಾಟಕದ ಮೊದಲ ಪಟ್ಟಿಯಲ್ಲಿ ಐದೇ ಜಿಲ್ಲೆಗಳು: ಬೀದರ್, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ ಮತ್ತು ನಮ್ಮ ದಾವಣಗೆರೆ. 2008ರ ಏಪ್ರಿಲ್‌ನಲ್ಲಿ ಅದು ಉಳಿದ ಜಿಲ್ಲೆಗಳಿಗೂ ಬಂತು. 2009ರಲ್ಲಿ ಗಾಂಧೀಜಿಯವರ ಹೆಸರು ಸೇರಿತು.

ಕಾಯ್ದೆ ಹೇಳಿದ್ದು ಸರಳ. ಹಳ್ಳಿಯ ಒಂದು ಮನೆಗೆ ವರ್ಷಕ್ಕೆ ನೂರು ದಿನ ಕೆಲಸ. ಅರ್ಜಿ ಕೊಟ್ಟ ಹದಿನೈದು ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ. ಕಂಟ್ರಾಕ್ಟರ್ ಕೂಡದು. ಕೂಲಿಯವರ ಕೈಕೆಲಸ ಕಸಿಯುವ ಯಂತ್ರವೂ ಆದಷ್ಟು ಬೇಡ.

ಎಲ್ಲ ಪಂಚಾಯ್ತಿಯೂ ಇದನ್ನು ಗಾಳಿಗೆ ತೂರಿತು ಅಂತಲ್ಲ. ಕೃಷಿ ಹೊಂಡ, ದನದ ಕೊಟ್ಟಿಗೆ, ಹೂಳೆತ್ತಿದ ಕೆರೆ ಎಷ್ಟೋ ಊರಲ್ಲಿ ಕಣ್ಣಿಗೆ ಕಾಣುತ್ತವೆ. ಆದರೆ ರಾತ್ರಿ ಜೆಸಿಬಿ ಬಿಟ್ಟು, ಹಗಲು ಜಾಬ್ ಕಾರ್ಡ್ ಕೂಡಿಹಾಕಿ, ಬಂದ ಕೂಲಿಯನ್ನು ಹಿಂದಕ್ಕೆ ವಸೂಲಿ ಮಾಡುವ ಕಸುಬು ಹಳ್ಳಿಯವರಿಗೆ ಹೊಸದೇನಲ್ಲ.

ಇಲ್ಲೇ ಜನ ಎಡವುವುದು. ಕಾರ್ಡ್ ಕೊಟ್ಟವರು "ನಮ್ಮ ಗಂಟೇನು ಹೋಯ್ತು?" ಅನ್ನುತ್ತಾರೆ. ಹೋಯ್ತು ಸ್ವಾಮಿ, ಹೋಯ್ತು. ಆ ನೂರು ದಿನ ಇಡೀ ಮನೆಗೆ ಸೇರಿದ್ದು. ಒಂದೊಂದು ಸುಳ್ಳು ಹಾಜರಿಯೂ ಆ ನೂರರಲ್ಲಿ ಒಂದನ್ನು ನುಂಗುತ್ತದೆ. ಬೇಸಿಗೆ ಬಂದಾಗ ಒಲೆ ಹೊತ್ತಿಸುವ ದಿನಗಳನ್ನೇ ಮುನ್ನೂರಕ್ಕೆ ಮಾರಿದ ಹಾಗೆ.

ಕಾಗದ ಚೊಕ್ಕ, ಕೆಲಸ ನಾಪತ್ತೆ

ಹಾಗಾದರೆ ಸರ್ಕಾರ ನೋಡುವುದಿಲ್ಲವೇ? ನೋಡುತ್ತದೆ. ಆಡಿಟ್‌ನವರು ಬರುತ್ತಾರೆ, ಎನ್‌ಎಂಆರ್ ತಿರುವುತ್ತಾರೆ, ಅಳತೆ ಪುಸ್ತಕ ನೋಡುತ್ತಾರೆ, ವೋಚರ್ ತಾಳೆ ಹಾಕುತ್ತಾರೆ. ಸಹಿ ಇದೆ, ಸೀಲ್ ಇದೆ, ಬಿಲ್ ಇದೆ. ದುಡ್ಡು ನೇರ ಕೂಲಿಯವರ ಖಾತೆಗೇ ಹೋಗಿದೆ. ಖಾತೆಯಿಂದ ತೆಗೆಸಿಕೊಂಡವನ ಹೆಸರು ಯಾವ ಕಾಗದದಲ್ಲೂ ಇಲ್ಲ.

ಲೆಕ್ಕ ತಪಾಸಣೆಗೆ ಬೆಲೆಯೇ ಇಲ್ಲ ಅಂತಲ್ಲ. ಮಹಾಲೇಖಪಾಲರ 2013ರ ವರದಿಯೇ ಹೇಳಿತು: ದೇಶದಲ್ಲಿ ಒಂದು ಮನೆಗೆ ಸಿಕ್ಕ ಸರಾಸರಿ ಕೆಲಸ 2009-10ರಲ್ಲಿ 54 ದಿನ ಇದ್ದದ್ದು 2011-12ರಲ್ಲಿ 43 ದಿನಕ್ಕೆ ಇಳಿಯಿತು ಅಂತ. ಕಾಯ್ದೆಯ ನೂರಕ್ಕೆ ಅರ್ಧವೂ ಇಲ್ಲ!

ಆಮೇಲೆ ಮೊಬೈಲ್ ಬಂತು. ಕೆಲಸದ ಜಾಗದಲ್ಲೇ ಫೋಟೋ ತೆಗೆದು ಹಾಜರಿ ಹಾಕಬೇಕೆಂಬ ಪದ್ಧತಿಯನ್ನು 2023ರ ಜನವರಿಯಿಂದ ಕಡ್ಡಾಯ ಮಾಡಿದರು. ಇನ್ನು ಕಳ್ಳಾಟ ನಡೆಯದು ಅಂದುಕೊಂಡರು. ನಡೆದದ್ದೇನು? 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಮಂತ್ರಾಲಯವೇ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ಸಂಬಂಧವಿಲ್ಲದ ಫೋಟೋ ಹಾಕುತ್ತಿದ್ದಾರೆ, ಫೋಟೋವನ್ನೇ ಫೋಟೋ ತೆಗೆದು ಕಳಿಸುತ್ತಿದ್ದಾರೆ, ಒಂದೇ ಮುಖ ಹಲವು ಹಾಜರಿಪಟ್ಟಿಯಲ್ಲಿ ಕಾಣುತ್ತಿದೆ ಅಂತ. ಚಾಪೆ ಕೆಳಗೆ ನುಸುಳಿದರೆ ರಂಗೋಲಿ ಕೆಳಗೆ ನುಸುಳುವವರು ಇದ್ದೇ ಇದ್ದಾರೆ.

ಮರಳುಗಾಡಿನ ಪಾಠ

ಹಾಗಾದರೆ ಸುಳ್ಳು ಹಾಜರಿ ಹಿಡಿಯುವವರು ಯಾರು? ಯಾರ ಹೆಸರು ಬರೆದಿದೆಯೋ ಅವರೇ. "ನಾನು ಅವತ್ತು ತವರಿಗೆ ಹೋಗಿದ್ದೆ" ಅಂತ ಹೇಳಬಲ್ಲವಳು ಆಕೆಯೊಬ್ಬಳೇ.

ಈ ಸತ್ಯವನ್ನು ದೇಶಕ್ಕೆ ತೋರಿಸಿದ್ದು ರಾಜಸ್ಥಾನದ ಹಳ್ಳಿಗರು. ಐಎಎಸ್ ಕೆಲಸ ಬಿಟ್ಟು ಬಂದ ಅರುಣಾ ರಾಯ್ ಮತ್ತು ಸಂಗಡಿಗರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ 1994ರ ಡಿಸೆಂಬರ್‌ನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬಲ್ಲಿ ಜನರ ಮುಂದೆ ಸರ್ಕಾರಿ ಲೆಕ್ಕ ಓದಿಸಿತು. ಹೆಸರು ಕೂಗಿದಂತೆ ಜನ ಎದ್ದು ನಿಂತು ನಿಜ ಹೇಳಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ಲೆಕ್ಕದ ನಕಲು ಕೊಡಿ ಎಂದು 40 ದಿನ ಧರಣಿ ಕೂತರು. ಆ ಕೂಗೇ ಬೆಳೆದು 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆಯಾಯಿತು. ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಮಿಗೂ ಅದೇ ಬೇರು: ಗ್ರಾಮಸಭೆಯೇ ಕೆಲಸಗಳ ಸಾಮಾಜಿಕ ಪರಿಶೋಧನೆ ಮಾಡಬೇಕು.

ಅಂದರೆ ಏನು? ಬೇರೆ ಊರಿನಿಂದ ಬಂದವರು ಮನೆ ಮನೆಗೆ ಹೋಗಿ "ಎಷ್ಟು ದಿನ ಕೆಲಸ ಮಾಡಿದಿರಿ?" ಅಂತ ಕೇಳುತ್ತಾರೆ. ಕಾಮಗಾರಿ ಅಳೆಯುತ್ತಾರೆ. ಆಮೇಲೆ ಗ್ರಾಮಸಭೆ ಕರೆದು ಎಲ್ಲರೆದುರು ಓದುತ್ತಾರೆ. ಇದಕ್ಕೆ 2011ರಲ್ಲಿ ನಿಯಮಗಳೂ ಬಂದವು. ಎಲ್ಲ ಸರಿ. ಆದರೆ ಸಭೆಯ ದಿನ ಊರವರು ಎಲ್ಲಿ? ಕೆಲವರು ಸಂತೆಗೆ, ಕೆಲವರು ಕೂಲಿಗೆ, ಕೆಲವರು "ನಮಗ್ಯಾಕೆ ಊರ ಉಸಾಬರಿ" ಅಂತ ಕಟ್ಟೆಗೆ. ಬಂದವರು ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿ ಚಹಾ ಕುಡಿದು ಹೋಗುತ್ತಾರೆ. ಎದ್ದು ನಿಂತು ಹೇಳಿದರೆ ನಾಳೆ ಕೆಲಸ ಕೊಡದಿದ್ದರೆ ಎಂಬ ಅಂಜಿಕೆಯೂ ಸುಳ್ಳಲ್ಲ.

ಶಾಲೆಯಲ್ಲೂ ಇದೇ ರಾಗ

ಶಾಲೆಯ ದುಡ್ಡಿಗೂ ಕಾವಲು ಇದೆ. ಕರ್ನಾಟಕದಲ್ಲಿ 2001ರಿಂದ ಎಸ್‌ಡಿಎಂಸಿ ಇದೆ. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು ಇನ್ನೂ ಖಡಕ್: ಸರ್ಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಿಗಳೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಬಂದ ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವುದು ಆ ಸಮಿತಿಯ ಕೆಲಸ.

2018ರ ಸಮಗ್ರ ಶಿಕ್ಷಣ ಯೋಜನೆಯಲ್ಲಿ ನೂರಕ್ಕೂ ಹೆಚ್ಚು, 250ರವರೆಗೆ ಮಕ್ಕಳಿರುವ ಶಾಲೆಗೆ ವರ್ಷದ ಅನುದಾನ 50,000 ರೂಪಾಯಿ ಎಂದು ಗೊತ್ತುಮಾಡಿದರು. ಅದರಲ್ಲಿ ಕನಿಷ್ಠ ಹತ್ತನೇ ಒಂದು ಪಾಲು, ಅಂದರೆ 5,000, ಸ್ವಚ್ಛತೆಗೆ. ಮಗಳು ಶಾಲೆಯಲ್ಲಿ ಶೌಚಾಲಯಕ್ಕೆ ಬೀಗ ಇದೆ ಅಂತ ಮನೆಗೆ ಓಡಿ ಬಂದರೆ, ಆ 5,000ದ ಲೆಕ್ಕ ಕೇಳಲು ಬಿ.ಕಾಂ. ಓದಿರಬೇಕಿಲ್ಲ.

ಮೊಟ್ಟೆಯಂತೂ ಇನ್ನೂ ಸಲೀಸು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಏರ್ಪಾಡು ಶುರುವಾಯಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು. "ಇವತ್ತು ಮೊಟ್ಟೆ ಕೊಟ್ರಾ ಮಗಾ?" ಅಂತ ದಿನಾ ಸಂಜೆ ಕೇಳುವ ಅಜ್ಜಿಗಿಂತ ದೊಡ್ಡ ಆಡಿಟರ್ ಯಾವ ಆಫೀಸಿನಲ್ಲಿದ್ದಾನೆ? ಬಿಸಿಯೂಟಕ್ಕೆ ಎಲ್ಲ ಜಿಲ್ಲೆಗಳಲ್ಲೂ ಸಾಮಾಜಿಕ ಪರಿಶೋಧನೆ ಕಡ್ಡಾಯ ಎಂದು ಕೇಂದ್ರ ಸರ್ಕಾರ 2021ರಲ್ಲೇ ಹೇಳಿದೆ. ಅಜ್ಜಿಯ ಮಾತು ಆ ಸಭೆಗೆ ತಲುಪಬೇಕು, ಅಷ್ಟೇ.

ಅಂಗಡಿಯವರೇ, ಸ್ವಲ್ಪ ಕೇಳಿ

ಈ ಆಟದಲ್ಲಿ ಪೇಟೆಯವರ ಕೈಯೇ ಇಲ್ಲ ಅನ್ನುವ ಹಾಗಿಲ್ಲ. ಸುಳ್ಳು ಹಾಜರಿಗೆ ಜಾಬ್ ಕಾರ್ಡ್ ಹೇಗೋ, ಸುಳ್ಳು ಖರೀದಿಗೆ ಖಾಲಿ ಬಿಲ್ ಹಾಗೆ. "ಸಾವ್ಕಾರ್ರೆ, ಒಂದು ಬಿಲ್ ಸೀಲ್ ಹಾಕಿ ಕೊಡ್ರಿ, ಮೊತ್ತ ನಾವು ಬರ್ಕಂತೀವಿ" ಅನ್ನುವ ಗಿರಾಕಿ ಯಾವ ಅಂಗಡಿಗೆ ಬಂದಿಲ್ಲ? ಹಳೇ ಗಿರಾಕಿ, ಬೇಡ ಅನ್ನಲು ದಾಕ್ಷಿಣ್ಯ. ಎರಡು ಡಬ್ಬಿ ಬಣ್ಣ ಹತ್ತಾಗುತ್ತದೆ, ಹತ್ತು ಪೊರಕೆ ನೂರಾಗುತ್ತದೆ. ನಾಳೆ ತನಿಖೆ ಬಂದರೆ ಕಾಗದದಲ್ಲಿ ಇರುವುದು ಅಂಗಡಿಯ ಹೆಸರೇ ಹೊರತು ಗಿರಾಕಿಯದಲ್ಲ. ತೆರಿಗೆ ಇಲಾಖೆ ಕೇಳುವುದೂ ಅಂಗಡಿಯವನನ್ನೇ.

ಇನ್ನೊಂದು ಮಾತು. ಕೂಲಿಯವಳ ಕೈಗೆ ಬಂದ 4,886 ರೂಪಾಯಿ ಎಲ್ಲಿಗೆ ಹೋಗುತ್ತಿತ್ತು? ಬೇಳೆಗೆ, ಎಣ್ಣೆಗೆ, ಮಗನ ಚಡ್ಡಿಗೆ. ಅದೇ ಅಂಗಡಿ ಗಲ್ಲಾಕ್ಕೇ ಬರುತ್ತಿತ್ತು.

ಹೆಸರು ಬದಲಾದರೆ ಸಾಕೇ?

2025ರ ಡಿಸೆಂಬರ್‌ನಲ್ಲಿ ಸಂಸತ್ತು ಹಳೇ ಉದ್ಯೋಗ ಖಾತ್ರಿಯ ಜಾಗಕ್ಕೆ ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ನೂರು ದಿನದ ಬದಲು 125 ದಿನ ಎಂದಿತು. ಮೊದಲು ಕೂಲಿಯ ಖರ್ಚು ಪೂರ್ತಿ ಕೇಂದ್ರದ್ದಾಗಿತ್ತು. ಹೊಸ ಕಾಯ್ದೆಯಲ್ಲಿ ಕರ್ನಾಟಕದಂಥ ರಾಜ್ಯಗಳಿಗೆ ನೂರರಲ್ಲಿ ನಲವತ್ತರ ಹೊರೆ. ಇದು ಒಳ್ಳೆಯದೋ ಕೆಟ್ಟದ್ದೋ, ಪಕ್ಷಗಳು ಕಿತ್ತಾಡಿಕೊಳ್ಳಲಿ. ಸಾಮಾಜಿಕ ಪರಿಶೋಧನೆ ಆ ಕಾಯ್ದೆಯಲ್ಲೂ ಇದೆ, ಗ್ರಾಮಸಭೆಯೂ ಇದೆ. ಖಾಲಿ ಕುರ್ಚಿಗಳೂ ಹಾಗೇ ಉಳಿದರೆ 125 ದಿನವನ್ನೂ ನುಂಗುವವರು ನುಂಗುತ್ತಾರೆ.

ದೇವರು ಕೊಟ್ಟರೂ ಪೂಜಾರಿ ಕೊಡ ಅಂತ ಗೊಣಗುವುದು ಸುಲಭ. ಪೂಜಾರಿಯ ತಟ್ಟೆ ನೋಡುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಕಾರ್ಡ್ ಬೇರೆಯವರ ಕೈಗೆ ಕೊಡಬೇಡಿ. ಕೆಲಸದ ಅರ್ಜಿಗೆ ತಾರೀಖು ಹಾಕಿದ ರಶೀದಿ ಬಿಡಬೇಡಿ. ಸಭೆಗೆ ಒಬ್ಬರೇ ಹೋಗಲು ಅಂಜಿಕೆಯಾದರೆ ಓಣಿಯವರು ಹತ್ತು ಜನ ಒಟ್ಟಿಗೆ ಹೋಗಿ. ಹತ್ತು ಮಂದಿಗೆ ಕೆಲಸ ನಿಲ್ಲಿಸುವ ಧೈರ್ಯ ಯಾವ ಪುಢಾರಿಗೂ ಬರುವುದಿಲ್ಲ.

ಅವತ್ತು ಬಸ್ಸಿನಿಂದ ಇಳಿಯುವಾಗ ಪಕ್ಕದಾಕೆ ಕೇಳಿದ್ದು ಒಂದೇ ಮಾತು: "ಸಭೆ ಯಾವತ್ತಂತೆ?"

"ಡಂಗುರ ಹೊಡದಿದ್ರು ಯಕ್ಕಾ. ನಾನು ಸಂತೆಗೆ ಹೋಗಿದ್ದೆ."