ಜೋರಾದದ್ದೆಲ್ಲ ಚೆಂದವೇ?

ಒಂದೇ ಹಾಡಿನ ಎರಡು ಪ್ರತಿ. ಒಂದು ಹಳೆಯ ಸೀಡಿ, ಇನ್ನೊಂದು ‘ರೀಮಾಸ್ಟರ್ಡ್’ ಎಂಬ ಹಣೆಪಟ್ಟಿ ಹೊತ್ತ ಹೊಸದು. ಒಂದರ ಹಿಂದೊಂದು ಕೇಳಿಸಿ ನೋಡಿ, ನಮ್ಮಲ್ಲಿ ಬಹುಮಂದಿ “ಹೊಸದೇ ಚೆನ್ನಾಗಿದೆ ಕಣೋ” ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಮೆಚ್ಚಿದ್ದು ಹಾಡನ್ನೋ, ಬರೀ ಸದ್ದನ್ನೋ?

ಮೊದಲು ಮಾಸ್ಟರಿಂಗ್ ಅಂದರೇನು ನೋಡೋಣ. ಸ್ಟುಡಿಯೋದಲ್ಲಿ ಹಾಡುಗಾರನ ದನಿ, ಗಿಟಾರು, ಡ್ರಮ್ಮು ಎಲ್ಲವನ್ನೂ ಬೆರೆಸಿ ಹದ ಮಾಡೋದು ಮಿಕ್ಸಿಂಗ್. ಹಾಗೆ ಹದವಾದ ಟೇಪನ್ನು ತಟ್ಟೆಗೋ ಸೀಡಿಗೋ ಇಳಿಸುವ ಮುನ್ನ ಮಾಡುವ ಕೊನೆಯ ತಿದ್ದುಪಡಿ ಮಾಸ್ಟರಿಂಗ್. ವರ್ಷಗಳಾದ ಮೇಲೆ ಅದೇ ಟೇಪನ್ನು ಹೊರತೆಗೆದು ಆ ಕೊನೆಯ ಕೆಲಸವನ್ನು ಹೊಸದಾಗಿ ಮಾಡಿದರೆ ಅದೇ ರೀಮಾಸ್ಟರಿಂಗ್. ಟೇಪಿನ ಸರಸರ ತಗ್ಗಿಸೋದು, ಮಂದ್ರ–ತಾರಗಳ ತೂಕ ಸರಿಪಡಿಸೋದು ಇದರಲ್ಲಿ ಸೇರುತ್ತೆ. ಇಷ್ಟರಮಟ್ಟಿಗೆ ಅದು ಉಪಕಾರವೇ.

ತೊಡಕಿರುವುದು ಸದ್ದಿನಲ್ಲಿ. ಎಲ್‌ಪಿ ತಟ್ಟೆಯಲ್ಲಿ ಸದ್ದು ಜೋರಾದಷ್ಟೂ ಗೆರೆ ಹೆಚ್ಚು ಜಾಗ ತಿನ್ನುತ್ತದೆ. ತೀರಾ ಜೋರಾದರೆ ಮುಳ್ಳೇ ಹಾರೀತು. 1982ರಲ್ಲಿ ಮಾರುಕಟ್ಟೆಗೆ ಬಂದ ಸೀಡಿಗೆ ಆ ಕಷ್ಟವಿಲ್ಲ. ಅತಿ ಮೆಲ್ಲನೆಯದರಿಂದ ಅತಿ ಜೋರಿನವರೆಗೆ ಸುಮಾರು 96 ಡೆಸಿಬೆಲ್ ಅಂತರ ಅದರಲ್ಲಿ ಹಿಡಿಸುತ್ತದೆ. ಆದರೆ ಮೇಲೊಂದು ಸೂರಿದೆ. ಅದನ್ನು ಮೀರಿದರೆ ಅಲೆಯ ನೆತ್ತಿ ಕತ್ತರಿಸಿಹೋಗಿ ದನಿ ಒಡೆಯುತ್ತದೆ. ಸೂರು ಎತ್ತರಿಸಲಾಗದು, ಸರಿ, ನೆಲ ಎತ್ತರಿಸಬಹುದಲ್ಲ! ಕಂಪ್ರೆಸರ್, ಲಿಮಿಟರ್ ಎಂಬ ಸಾಧನಗಳ ಕೆಲಸ ಇದೇ. ಡ್ರಮ್ಮಿನ ಏಟಿನ ನೆತ್ತಿಯನ್ನು ಅದುಮಿ, ಮಿಕ್ಕಿದ್ದನ್ನೆಲ್ಲ ಮೇಲಕ್ಕೆ ತಳ್ಳೋದು. ಹದವಾಗಿ ಮಾಡಿದರೆ ಹಾಡಿಗೆ ಬಿಗಿ ಬರುತ್ತದೆ. ಅತಿಯಾದರೆ ಪಿಸುಮಾತೂ ಕೂಗೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ.

ಹಾಗಾದರೆ ಯಾಕೆ ಮಾಡ್ತಾರೆ? ನಮ್ಮ ಕಿವಿಯ ಗುಣವೇ ಹಾಗೆ. ಮೆಲ್ಲನೆಯ ಸದ್ದಿನಲ್ಲಿ ಮಂದ್ರದ ಸ್ವರಗಳು ನಮಗೆ ಸರಿಯಾಗಿ ಕೇಳಿಸೋದಿಲ್ಲ. ಜೋರು ಮಾಡಿದರೆ ತುಂಬಿ ಬರುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಸ್ವಲ್ಪ ಜೋರಾದದ್ದು ಸ್ವಲ್ಪ ಚೆಂದವಾಗಿ ಕೇಳಿಸುತ್ತೆ. 1990ರ ದಶಕದಿಂದ ಕಂಪನಿಗಳು ಇದಕ್ಕೇ ಪೈಪೋಟಿಗೆ ಬಿದ್ದವು. ಹಳೆಯ ಆಲ್ಬಮ್ಮುಗಳ ಮರುಮುದ್ರಣಗಳೂ ಅದರಲ್ಲಿ ಸಿಕ್ಕಿಕೊಂಡವು. 2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ, ಸೀಡಿಗಿಂತ ‘ಗಿಟಾರ್ ಹೀರೋ’ ಎಂಬ ವಿಡಿಯೋ ಆಟದೊಳಗಿನ ಅದೇ ಹಾಡುಗಳೇ ವಾಸಿ ಎಂದು ಅಭಿಮಾನಿಗಳೇ ದೂರಿದರು. ಆಟದಲ್ಲಿದ್ದ ಪ್ರತಿಯನ್ನು ಅಷ್ಟು ಅದುಮಿರಲಿಲ್ಲ.

ಸಂಯಮದ ಉದಾಹರಣೆಯೂ ಇದೆ. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದ ಎಂಜಿನಿಯರುಗಳು ನಾಲ್ಕು ವರ್ಷ ಕೂತು ಬೀಟಲ್ಸ್ ಆಲ್ಬಮ್ಮುಗಳನ್ನು ರೀಮಾಸ್ಟರ್ ಮಾಡಿ, 2009ರಲ್ಲಿ ಹೊರತಂದರು. ಸ್ಟೀರಿಯೋ ಪ್ರತಿಗಳಲ್ಲಿ ಲಿಮಿಟರನ್ನು ಮಿತವಾಗಿ ಬಳಸಿದರು. ಮೋನೋ ಪ್ರತಿಗಳಲ್ಲಿ ಮುಟ್ಟಲೇ ಇಲ್ಲ. ರೀಮಾಸ್ಟರ್ ಅಂದರೆ ಜೋರು ಮಾಡಲೇಬೇಕು ಅಂತೇನಿಲ್ಲ; ಅದು ಮಾಡುವವರ ಆಯ್ಕೆ.

ಈಗ ಸ್ಪಾಟಿಫೈಯಂಥ ಸೇವೆಗಳು ಪ್ರತಿ ಹಾಡಿನ ಸರಾಸರಿ ಸದ್ದು ಅಳೆದು, ಜೋರಾದದ್ದನ್ನು ತಾವೇ ಇಳಿಸಿ ನುಡಿಸುತ್ತವೆ. ಅಂದಮೇಲೆ ಪೈಪೋಟಿಯ ಲಾಭ ಹೋಯಿತು. ಆದರೆ ಒಮ್ಮೆ ಅದುಮಿದ ಪ್ರತಿಯಲ್ಲಿ ಆ ಏಟಿನ ಬಿರುಸು ಮರಳಿ ಬರೋದಿಲ್ಲ. ಎಷ್ಟೋ ಆಲ್ಬಮ್ಮುಗಳಿಗೆ ಅಲ್ಲಿ ಸಿಗೋದು ಹೊಸ ಪ್ರತಿಯೊಂದೇ. ಆದ್ದರಿಂದ ಗೆಳೆಯರೇ, ಮನೆಯಲ್ಲಿ ಅಪ್ಪನೋ ಚಿಕ್ಕಪ್ಪನೋ ಕೂಡಿಟ್ಟ ಹಳೆಯ ಸೀಡಿಗಳನ್ನು ರದ್ದಿಯವನಿಗೆ ಹಾಕಬೇಡಿ. ಹಳೆಯದನ್ನೂ ಹೊಸದನ್ನೂ ಹಾಕಿ, ವಾಲ್ಯೂಮ್ ತಿರುಗಿಸಿ ಎರಡರ ಸದ್ದನ್ನೂ ಮೊದಲು ಸಮ ಮಾಡಿಕೊಳ್ಳಿ. ಆಮೇಲೆ ಕಣ್ಣು ಮುಚ್ಚಿ ಇಡೀ ಹಾಡು ಕೇಳಿ. ನಿಮ್ಮ ತೀರ್ಪು ಬದಲಾಯಿತೋ ಇಲ್ಲವೋ, ಮುಂದಿನ ಸಂಚಿಕೆಗೆ ನಾಲ್ಕು ಸಾಲು ಬರೆದು ಕೊಡಿ.