ಕೋಡಿಯಿಲ್ಲದ ಕೆರೆ

ನಮ್ಮ ಅರಸೀಕೆರೆಯ ಹೆಸರಿನಲ್ಲೇ ಕೆರೆಯಿದೆ. ಹಳೇಬೀಡಿನ ಪೂರ್ವನಾಮವಾದ ದೋರಸಮುದ್ರವೂ ಕೆರೆಯನ್ನೇ ನೆನಪಿಸುತ್ತದೆ. ಕೆರೆ ಕಟ್ಟಿಸಿದ ಹಿರಿಯರು ಒಂದು ವಿಷಯವನ್ನು ಮರೆಯುತ್ತಿರಲಿಲ್ಲ: ನೀರು ಒಳಬರಲು ಕಾಲುವೆಯಿದ್ದರೆ ಸಾಲದು, ಹೆಚ್ಚಾದದ್ದು ಹೊರಹೋಗಲು ಕೋಡಿಯೂ ಬೇಕು. ಕೋಡಿಯಿಲ್ಲದಿದ್ದರೆ ತುಂಬಿದ ನೀರೇ ಏರಿಯನ್ನು ಒಡೆಯುತ್ತದೆ. ಕಬ್ಬಿಣದ ಮಟ್ಟಿಗೆ ಮನುಷ್ಯದೇಹವು ಅಂತಹ ಕೋಡಿಯಿಲ್ಲದ ಕೆರೆ.

ಇದನ್ನು ನಾನು ಅರಿತದ್ದು ಒಂದು ತಪ್ಪಿನಿಂದ. ಬೇಲೂರು-ಹಳೇಬೀಡುಗಳ ನಡುವಿನ ಹಳ್ಳಿಯೊಂದರ ಪರಿಚಿತ ಕುಟುಂಬ, ಬೆಂಗಳೂರಿನ ರೈಲು ಹಿಡಿಯಲು ಅರಸೀಕೆರೆಗೆ ಬಂದಾಗ ನಮ್ಮ ಮನೆಯಲ್ಲಿ ತಂಗುತ್ತಿತ್ತು. ಅವರ ಏಳು ವರ್ಷದ ಮಗಳಿಗೆ ಥಲಸ್ಸೀಮಿಯ. ಮಗುವಿನ ಬಿಳಿಚಿದ ಮುಖಕ್ಕೆ ಮರುಗಿ ನಾನೊಂದು ಕಬ್ಬಿಣದ ಟಾನಿಕ್ ತಂದಿಟ್ಟೆ. ತಾಯಿ ಸೀಸೆಯನ್ನು ಮೆಲ್ಲನೆ ಸರಿಸಿ, “ಮೇಷ್ಟ್ರೇ, ಇವಳಿಗೆ ಕಬ್ಬಿಣ ಕಮ್ಮಿಯಾಗಿಲ್ಲ, ಜಾಸ್ತಿಯಾಗಿದೆ” ಎಂದರು.

ರಕ್ತಹೀನತೆಯೆಂದರೆ ಕಬ್ಬಿಣದ ಕೊರತೆಯೆಂದೇ ನಮ್ಮ ತಿಳಿವಳಿಕೆ. ಅನೇಕರ ವಿಷಯದಲ್ಲಿ ಅದು ನಿಜ. ಆದರೆ ಥಲಸ್ಸೀಮಿಯದಲ್ಲಿ ಕೊರತೆಯಿರುವುದು ಹೀಮೊಗ್ಲೋಬಿನ್ನಿನ ಪ್ರೋಟೀನನ್ನು ಕಟ್ಟುವ ಆನುವಂಶಿಕ ಶಕ್ತಿಯಲ್ಲಿ. ರೋಗ ತೀವ್ರವಾಗಿದ್ದರೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಒಂದು ಚೀಲ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣವಿರುತ್ತದೆ. ದೇಹವು ದಿನಕ್ಕೆ ಕಳೆದುಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಇಪ್ಪತ್ತು ಚೀಲಗಳಾದರೆ 4 ಗ್ರಾಂ, ಅಂದರೆ ವಯಸ್ಕನೊಬ್ಬನ ಇಡೀ ದೇಹದಲ್ಲಿರುವಷ್ಟು ಕಬ್ಬಿಣ!

ಸಹಜಸ್ಥಿತಿಯಲ್ಲಿ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಕಬ್ಬಿಣವನ್ನು ರಕ್ತದಲ್ಲಿ ಹೊತ್ತೊಯ್ಯುತ್ತದೆ. ಜೀವಕೋಶದೊಳಗೆ ಫೆರಿಟಿನ್ ಅದನ್ನು ಕಣಜದಲ್ಲಿಟ್ಟಂತೆ ಕಾಯುತ್ತದೆ. ಕಣಜ ತುಂಬಿದ ಮೇಲೆ ಕಬ್ಬಿಣ ಬಿಡಿಯಾಗಿ ಅಲೆಯತೊಡಗುತ್ತದೆ. ಅದರ ಸ್ವಭಾವವನ್ನು ತೋರಿಸಿದವರು ಕೇಂಬ್ರಿಜ್ಜಿನ ಫೆಂಟನ್. ನಮ್ಮ ಹುಣಸೆಯಲ್ಲೂ ಇರುವ ಟಾರ್ಟಾರಿಕ್ ಆಮ್ಲಕ್ಕೆ ಹೈಡ್ರೊಜನ್ ಪೆರಾಕ್ಸೈಡನ್ನೂ ಚೂರು ಕಬ್ಬಿಣದ ಲವಣವನ್ನೂ ಬೆರೆಸಿದರೆ ಆಮ್ಲವು ಶೀಘ್ರವಾಗಿ ಉತ್ಕರ್ಷಣೆಗೊಳ್ಳುತ್ತದೆಂದು ಅವರು 1894ರಲ್ಲಿ ಪ್ರಕಟಿಸಿದರು.

ನಮ್ಮ ಜೀವಕೋಶಗಳಲ್ಲೂ ಪೆರಾಕ್ಸೈಡ್ ಹುಟ್ಟುತ್ತಲೇ ಇರುತ್ತದೆ. ಬಿಡಿ ಕಬ್ಬಿಣ ಅದನ್ನು ಸಂಧಿಸಿದಾಗ ಹೈಡ್ರಾಕ್ಸಿಲ್ ಎಂಬ ಉಗ್ರಕಣ ಉಂಟಾಗಿ, ಕೈಗೆ ಸಿಕ್ಕಿದ್ದನ್ನೆಲ್ಲ ಕೆಡಿಸುತ್ತದೆ. ಹಳೆಯ ಕೊಬ್ಬರಿ ಕಮಟು ಹಿಡಿಯುವುದನ್ನು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಕೋಶದ ಪೊರೆಯಲ್ಲಿನ ಕೊಬ್ಬಿಗೂ ಅದೇ ಗತಿ. ನಷ್ಟದ ಸುಳಿವರಿತು ಧಾವಿಸುವ ರಕ್ಷಕಕೋಶಗಳಿಂದ ಉರಿಯೂತ ಏಳುತ್ತದೆ. ಅವು ಹೊರಸೂಸುವ ಪೆರಾಕ್ಸೈಡೂ ಈ ಬೆಂಕಿಗೆ ಸೌದೆಯೇ. ವರ್ಷಗಳುರುಳಿದಂತೆ ಯಕೃತ್ತು ನಾರುಗಟ್ಟಿ ಗಡುಸಾಗುತ್ತದೆ. ಮೇದೋಜೀರಕ ಗ್ರಂಥಿ ಸೋತರೆ ಮಧುಮೇಹ. ಹೃದಯವೇ ಸೋತರೆ ಮುಂದೆ ಹೇಳುವುದೇನು?

ವೈದ್ಯಶಾಸ್ತ್ರ ಈ ಕೆರೆಗೊಂದು ಕೋಡಿ ಕಟ್ಟಿದೆ. ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ಡೆಸ್‌ಫೆರಿಯಾಕ್ಸಮೈನ್ 1960ರ ದಶಕದಲ್ಲಿ ಬಳಕೆಗೆ ಬಂತು. ಅದು ಏಡಿಯ ಹಿಡಿತದಂತೆ ಕಬ್ಬಿಣವನ್ನು ಹಿಡಿದು ದೇಹದಿಂದ ಹೊರಗೊಯ್ಯುತ್ತದೆ. ಗಂಟೆಗಟ್ಟಲೆ ಸೂಜಿ ಚುಚ್ಚಿಕೊಂಡಿರಬೇಕಾಗಿದ್ದ ಮಕ್ಕಳಿಗೆ, ಮುಂದೆ ಡೆಫೆರಿಪ್ರೋನ್, ಡೆಫೆರಾಸಿರಾಕ್ಸ್ ಎಂಬ ಮಾತ್ರೆಗಳೂ ದೊರೆತವು.

ಇದನ್ನು ಕೇಳಿ ಯಾರೂ ಕಬ್ಬಿಣಕ್ಕೆ ಹೆದರಬೇಕಾಗಿಲ್ಲ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಗರ್ಭಿಣಿಯರು ಬಿಡಬಾರದು. ಆದರೆ ಮುಖ ಬಿಳಿಚಿದೆಯೆಂದ ಮಾತ್ರಕ್ಕೆ, ರಕ್ತಪರೀಕ್ಷೆಯಿಲ್ಲದೆ ಟಾನಿಕ್ ಕೊಡುವ ನನ್ನಂಥವರ ಕರುಣೆ ಅಪಾಯಕಾರಿ. ಇನ್ನೊಂದು ಮಾತು: ತಂದೆತಾಯಿಗಳಿಬ್ಬರೂ ಈ ದೋಷದ ವಾಹಕರಾಗಿದ್ದರೆ, ಪ್ರತಿ ಗರ್ಭದಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಮದುವೆಗೆ ಮುನ್ನ ಜಾತಕದೊಡನೆ ರಕ್ತವನ್ನೂ ನೋಡಿಸುವುದು ವಿವೇಕ.

ಆ ಹುಡುಗಿ ಈಗ ಹೈಸ್ಕೂಲು ಸೇರಿದ್ದಾಳೆ. ಬಂದಾಗಲೆಲ್ಲ ನಾನು ಕೇಳುತ್ತೇನೆ: “ಮಾತ್ರೆ ತಪ್ಪಿಸಿಲ್ಲ ತಾನೆ?” ಅವಳು ನಗುತ್ತಾಳೆ: “ಇಲ್ಲ ತಾತ, ಕೋಡಿ ಹರೀತಾ ಇದೆ.”